ನಾನು ಮೂಗಿಯಾಗಿದ್ದ ಆರು ತಿಂಗಳು

ನನ್ನನ್ನು ಬಲ್ಲವರು ಈ ತಲೆಬರಹ ನೋಡಿ ನಗುತ್ತಾರೆ. ನಗಲಿ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಡುವಷ್ಟರಲ್ಲಿ ಅವನ ಹೆಂಡತಿಯ ತವರೂರು ಯಾವುದೆಂದು ತಿಳಿದುಕೊಳ್ಳುವವಳು ನಾನು. ಅಂಥವಳು ಆರು ತಿಂಗಳ ಕಾಲ, ತಿಂಗಳಿಗೊಂದು ದಿನ, ಒಂದು ಆಸ್ಪತ್ರೆಯಲ್ಲಿ ತುಟಿ ಬಿಚ್ಚದೆ ಕೂತಿದ್ದೆ ಎಂದರೆ ನನ್ನ ತಮ್ಮ ಇವತ್ತಿಗೂ ನಂಬುವುದಿಲ್ಲ.

ನನಗೆ ಮಾತು ಬಂದದ್ದೇ ತಡವಾಗಿ. ನಾಲಿಗೆ ಸರಿಯಾಗಿಯೇ ಇತ್ತು, ಆಡಲು ಸರದಿ ಸಿಕ್ಕಿರಲಿಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಅರ್ಚಕರು, ಅಮ್ಮ ವಕೀಲರು. ಓದಿ ಪಾಸಾದ ವಕೀಲರಲ್ಲ, ನನ್ನೊಬ್ಬಳ ವಕೀಲರು. ನನ್ನನ್ನು ಯಾರು ಏನು ಕೇಳಿದರೂ ಉತ್ತರ ಅಮ್ಮನಿಂದಲೇ ಬರುತ್ತಿತ್ತು. ಕೇಳುವವರೂ ಅಷ್ಟೇ, ನನ್ನ ತಲೆಯ ಮೇಲಿಂದ ಅಮ್ಮನನ್ನೇ ನೋಡಿ ಕೇಳುತ್ತಿದ್ದರು. ಡಾಕ್ಟರು ನನ್ನ ಮಂಡಿಯನ್ನು ಹಿಡಿದು ಹಿಂದಕ್ಕೆ ಬಗ್ಗಿಸುತ್ತಾ, "ಮಗೂಗೆ ನೋವಾಗುತ್ತಾ?" ಎನ್ನುವರು. "ಇಲ್ಲ ಡಾಕ್ಟ್ರೇ, ಅವಳು ತಡ್ಕೋತಾಳೆ" ಎನ್ನುವಳು ಅಮ್ಮ. ನೋವಾಗುತ್ತಿತ್ತು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಅದಕ್ಕೂ ಅಮ್ಮನ ಹತ್ತಿರ ಉತ್ತರ ಇತ್ತು: "ಇವಳಿಗೆ ಧೂಳು ಆಗಲ್ಲ."

ಹಾಸನದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸದ ಸಂದರ್ಶನಕ್ಕೂ ಅಮ್ಮ ಜೊತೆಗೆ ಬಂದಿದ್ದಳು. ಒಳಗೂ ಬಂದಳು. ಕುರ್ಚಿಯಲ್ಲೂ ಕೂತಳು. ನಿಮಿಷಕ್ಕೆ ಎಷ್ಟು ಪದ ಟೈಪ್ ಮಾಡುತ್ತೀಯಮ್ಮ ಎಂದು ಸಾಹೇಬರು ಕೇಳಿದಾಗ, "ಬೇಕಾದಷ್ಟು ಮಾಡ್ತಾಳೆ, ಅಡುಗೇನೂ ಬರುತ್ತೆ" ಎಂದಳು. ಕೆಲಸ ಸಿಕ್ಕಿತು. ನನಗೆ ಸಿಕ್ಕಿತೋ ಅಮ್ಮನಿಗೆ ಸಿಕ್ಕಿತೋ ಎಂಬ ಅನುಮಾನ ಇದ್ದುದರಿಂದ ಮೊದಲ ದಿನ ಬೇಗ ಹೋಗಿ ಕುರ್ಚಿ ಹಿಡಿದುಕೊಂಡೆ. ಹಾಸನದಲ್ಲಿ ಒಂದು ಬಾಡಿಗೆ ಕೋಣೆ ಮಾಡಿದೆ. ಆವತ್ತು ತೆರೆದ ಬಾಯನ್ನು ಮತ್ತೆ ಮುಚ್ಚಲಿಲ್ಲ.

ತೊಂಬತ್ತರ ದಶಕದ ನಡುವೆ ಅಂಗವಿಕಲರಿಗಾಗಿ ಹೊಸ ಕಾನೂನು ಬಂತು. ನಾವು ಒಂದಷ್ಟು ಹೆಂಗಸರು ಸಂಘ ಕಟ್ಟಿಕೊಂಡೆವು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹಾಸನದ ಒಂದು ಶಾಲೆಯ ಕೊಠಡಿಯಲ್ಲಿ, ಒಂದನೇ ತರಗತಿಯ ಮಕ್ಕಳ ಬೆಂಚುಗಳ ಮೇಲೆ ಇಕ್ಕಟ್ಟಿನಲ್ಲಿ ಕೂರುತ್ತಿದ್ದೆವು. ಸರ್ಟಿಫಿಕೇಟು, ಬಸ್ ಪಾಸು ಎಂದು ಗಂಡಸರ ಸಂಘದವರು ಆಗಲೇ ಓಡಾಡುತ್ತಿದ್ದರು. ಆದರೆ ನಾವು ಮುಟ್ಟು, ಬಸಿರು, ಬಾಣಂತನ ಎಂದು ಮಾತೆತ್ತಿದರೆ ಅವರೆಲ್ಲ ಕೆಮ್ಮುತ್ತಾ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಅದಕ್ಕೇ ನಮ್ಮದು ಬೇರೆ. ಅಧ್ಯಕ್ಷೆ ಯಾರಾಗಬೇಕು ಎಂಬ ಪ್ರಶ್ನೆ ಏಳಲೇ ಇಲ್ಲ. ಏಳುವ ಮೊದಲೇ ನಾನು ಭಾಷಣ ಶುರು ಮಾಡಿದ್ದೆ.

ಆ ಸಂಘಕ್ಕೆ ಬರುತ್ತಿದ್ದವಳು ನನ್ನ ಈ ಗೆಳತಿ. ದಂಡಿಗನಹಳ್ಳಿ ಕಡೆಯ ರೈತರ ಮನೆಯ ಹುಡುಗಿ, ನನಗಿಂತ ಎಂಟು ವರ್ಷ ಚಿಕ್ಕವಳು, ಎಸ್ಸೆಸ್ಸೆಲ್ಸಿ ಪಾಸು. ಪೋಲಿಯೊದಿಂದ ಎರಡೂ ಕಾಲು ಹೋಗಿದ್ದವು. ರಸ್ತೆಯ ಮೇಲೆ ಮೂರು ಚಕ್ರದ ಕೈಸೈಕಲ್ಲು. ಮನೆಯೊಳಗಾದರೆ ಎರಡು ಕೈಗೂ ಹವಾಯಿ ಚಪ್ಪಲಿ ತೊಟ್ಟುಕೊಂಡು, ಕೈಯೂರಿ ನೆಲದ ಮೇಲೆ ಸರಸರ ಸರಿಯುವಳು. ನಾನು ಕ್ಯಾಲಿಪರಿನ ಕಬ್ಬಿಣದ ಪಟ್ಟಿ ಕಟ್ಟಿದ ಕಾಲೆಳೆದುಕೊಂಡು ಬಾಗಿಲು ತಲುಪುವಷ್ಟರಲ್ಲಿ ಅವಳು ಒಲೆಯ ಮುಂದೆ ಇರುತ್ತಿದ್ದಳು. ಚನ್ನರಾಯಪಟ್ಟಣದ ಸೈಕಲ್ ಶಾಪಿಗೆ ಕೈಸೈಕಲ್ಲು ರಿಪೇರಿಗೆ ಒಯ್ಯುತ್ತಿದ್ದಳು. ಅದು ಕೆಡದೆ ಇದ್ದಾಗಲೂ ಒಯ್ಯತೊಡಗಿದಳು. ಕೊನೆಗೆ ಶಾಪಿನವನನ್ನೇ ಮದುವೆಯಾದಳು.

ಮದುವೆಯಾದ ಮರುವರ್ಷ ಬಸುರಿಯಾದಳು. ಅವಳಿಗೆ ಆ ಮಗು ಬೇಕಿತ್ತು. ಮಗು ಬೇಕು ಎಂದು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುವ ಒಬ್ಬ ಡಾಕ್ಟರೂ ಬೇಕಿತ್ತು. ಜೊತೆಗೆ ಬನ್ನಿ ಅಕ್ಕ ಎಂದು ನನ್ನನ್ನು ಕರೆದಳು. ನಾನೋ, ಕರೆಯದಿದ್ದರೂ ಹೋಗುತ್ತಿದ್ದೆ.

ಮೊದಲು ಹೋದದ್ದು ಹಾಸನದ ಒಬ್ಬ ಡಾಕ್ಟರ ಹತ್ತಿರ. ಅವರು ಅವಳ ಕಡೆ ಒಮ್ಮೆ ನೋಡಿ, ಆಮೇಲೆ ನನ್ನನ್ನೇ ನೋಡಿದರು. ನಿಂತಿದ್ದವಳು ನಾನು, ಅದಕ್ಕೆ.

"ಇವರಿಗೆ ಎಷ್ಟು ತಿಂಗಳು?"

"ಮೂರು" ಎಂದೆ ನಾನು.

"ಊಟ ಸೇರುತ್ತಾ?"

"ಚೆನ್ನಾಗಿ ಸೇರುತ್ತೆ."

"ನೋಡಿ, ಇಂಥವರಿಗೆ ಯಾಕೆ ಈ ತಾಪತ್ರಯ? ತೆಗೆಸಿಬಿಡೋದು ವಾಸಿ."

ಅಷ್ಟು ಸಾಕಾಯಿತು. ನಾನು ಸಂವಿಧಾನದಿಂದ ಶುರು ಮಾಡಿದೆ. ಹೊಸ ಕಾನೂನಿಗೆ ಬಂದೆ. ಬಾಯಿಗೆ ಬಂದ ಕಲಮುಗಳನ್ನೆಲ್ಲ ಹೇಳಿದೆ. ಅವುಗಳಲ್ಲಿ ಎರಡು ಬಾಡಿಗೆ ಮನೆಯ ಕಾನೂನಿಗೆ ಸೇರಿದವು ಎಂದು ಆಮೇಲೆ ತಿಳಿಯಿತು. ಹೊರಗೆ ಕೂತಿದ್ದ ರೋಗಿಗಳು ಕಾಯಿಲೆ ಮರೆತು ಬಾಗಿಲಿಗೆ ಬಂದು ನಿಂತರು. ಯುದ್ಧ ಗೆದ್ದ ಹುಮ್ಮಸ್ಸಿನಲ್ಲಿ ಹೊರಗೆ ಬಂದೆ.

ಅವಳನ್ನು ಮನೆಗೆ ಬಿಡಲು ಹತ್ತಿದ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಾ ಸುಮ್ಮನೆ ಕೂತಿದ್ದಳು. ಹೊಗಳಿಕೆಗೆ ಕಾದು ಕಾದು ನಾನೇ ಕೇಳಿದೆ, "ಹೆಂಗಿತ್ತು?"

"ಸ್ಯಾನೆ ಚಂದಾಗಿತ್ತು ಕಣಕ್ಕ. ಅವ್ರು ನಿಮ್ಮುನ್ನ ಕೇಳುದ್ರು, ನೀವು ಯೋಳುದ್ರಿ. ಒಂದ್ ಇಸ್ಯ ಗೊತ್ತಾಗ್ನಿಲ್ಲ. ಬಸುರಿ ಯಾರು, ನೀವಾ?"

ನಾನು ಏನೋ ಹೇಳಲು ಹೋದೆ.

"ಊಟ ಸೇರ್ತದೆ ಅಂದ್ರಲ್ಲ, ಯಾರ್ ಯೋಳುದ್ರು ನಿಮ್ಗೆ? ದಿನಾ ತಿಂದಿದ್ದೆಲ್ಲ ವಾಂತಿ ಆಯ್ತಾದೆ. ಅದುಕ್ಕೆ ಮಾತ್ರೆ ಕೇಳಾನ ಅಂತ್ಲೇ ನಾನು ಅಲ್ಲಿಗಂಟ ಬಂದಿದ್ದು."

ಅಮ್ಮನ ಕುರ್ಚಿಯಲ್ಲಿ ನಾನು ಕೂತಿದ್ದೆ. ಅದೂ ಎಷ್ಟು ಆರಾಮವಾಗಿ! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮುಂದಿನ ಶನಿವಾರ ಸಂಘದಲ್ಲಿ ಇದರ ವಿಚಾರಣೆ ನಡೆಯಿತು. ಬೇರೆ ಊರಿನ ಬೇರೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಯಿತು. ಆದರೆ ಒಬ್ಬಳೇ ಹೋದರೆ ಜೊತೆಗೆ ಯಾರೂ ಇಲ್ಲವೆಂದು ಒಳಗೇ ಬಿಡುವುದಿಲ್ಲ. ಜೊತೆಗೆ ಯಾರಾದರೂ ಹೋದರೆ ಅವರನ್ನೇ ಮಾತಾಡಿಸುತ್ತಾರೆ. ಇದಕ್ಕೆ ಏನು ಮಾಡೋಣ ಎಂದರೆ ಗೆಳತಿ ಹೇಳಿದಳು:

"ಅಕ್ಕ ಬರ್ಲಿ. ಆದ್ರೆ ಮೂಗಿ ಆಗಿ ಬರ್ಲಿ. ಕಿವೀನೂ ಕೇಳಕ್ಕಿಲ್ಲ, ಬಾಯೂ ಬರಕ್ಕಿಲ್ಲ. ಆಗ ನನ್ನೇ ಕೇಳ್ಬೇಕಲ್ವಾ?"

ಕೊಠಡಿಯೆಲ್ಲ ಗೊಳ್ಳೆಂದು ನಕ್ಕಿತು. ನಗದೆ ಇದ್ದವಳು ಒಬ್ಬಳೇ, ಅರಕಲಗೂಡಿನ ಟೈಲರ್. ಅವಳಿಗೆ ನಿಜವಾಗಿಯೂ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳುವಳು, ಹೇಳುವುದನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸುವಳು. ನಾನು ಮೂಗಿಯ ಮುಖ ಅಭ್ಯಾಸ ಮಾಡಲೆಂದು ಬಾಯಿ ಅರ್ಧ ತೆರೆದು ಕಣ್ಣು ಮೇಲೆ ಮಾಡಿ ಕೂತೆ. ಅವಳು ಎದ್ದು ಹೋಗಿ ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಇದು ಪೆದ್ದಿಯ ಮುಖ. ನನ್ನ ಮುಖ ನೋಡು. ಹೀಗಿದೆಯಾ?"

ನಾನು ಬಾಯಿ ಮುಚ್ಚಿಕೊಂಡೆ. ಅವಳು ಅದರ ಕೆಳಗೆ ಇನ್ನೂ ಒಂದು ಸಾಲು ಬರೆದಳು: "ನನ್ನ ಮೌನ ಸಾಲ ಕೊಡುತ್ತೇನೆ. ಬದಲಿಗೆ ಮೀಟಿಂಗಿನಲ್ಲಿ ನಿಧಾನ ಮಾತಾಡು. ಒಂದು ವರ್ಷದಿಂದ ನೀನು ಹೇಳಿದ್ದು ನನಗೆ ಒಂದೂ ಗೊತ್ತಾಗಿಲ್ಲ." ನನ್ನ ಒಂದು ವರ್ಷದ ಭಾಷಣ ಹೀಗೆ ನೀರುಪಾಲಾಗಿದ್ದು ನನಗೆ ಆಗ ತಿಳಿಯಿತು. ಕೈಮುಗಿದು ಒಪ್ಪಿಕೊಂಡೆ.

ಎರಡನೆಯ ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಒಳ ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂಬ ಬೋರ್ಡಿತ್ತು. ಅದರ ಪಕ್ಕದಲ್ಲಿ ಆ ಬೋರ್ಡಿಗಿಂತ ಕಟ್ಟುನಿಟ್ಟಿನ ಒಬ್ಬ ಆಯಾ ನಿಂತಿದ್ದಳು. ಗೆಳತಿ ಬಸ್ಸಿನ ಟಾಪಿನ ಮೇಲೆ ಹಾಕಿಸಿ ತಂದಿದ್ದ ಕೈಸೈಕಲ್ಲಿನಿಂದ ಇಳಿದು, ಕೈಗೆ ಚಪ್ಪಲಿ ತೊಟ್ಟು ಹೊರಟಳು.

"ಏ, ಚಪ್ಲಿ ಬುಡವ್ವಾ."

"ಇವು ಕೈಗಾಕಂಡಿರೋವು."

"ಎಲ್ಗಾಕಂಡ್ರೂ ಚಪ್ಲಿ ಚಪ್ಲೀನೆ."

"ಕಾಲ್ಗಾಕಂಡ್ರೆ ಚಪ್ಲಿ. ಕೈಗಾಕಂಡ್ರೆ ಬಳೆ ಅಂದ್ಕಳಿ" ಎಂದು ಹೇಳಿ ಗೆಳತಿ ಅವಳ ಕಾಲ ಪಕ್ಕದಿಂದಲೇ ಒಳಗೆ ಸರಿದುಹೋದಳು. ಆಯಾ ನನ್ನ ಕಡೆ ತಿರುಗಿ ದೂರು ಹೇಳಿದಳು. ನಾನು ಕಿವಿ ಮುಟ್ಟಿದೆ, ಬಾಯಿ ಮುಟ್ಟಿದೆ, ಕೈ ಆಡಿಸಿದೆ. "ಅಯ್ಯೋ ಸಿವನೇ, ಒಂದುಕ್ಕೊಂದು ಜೋಡಿ" ಎಂದು ಅವಳು ದಾರಿ ಬಿಟ್ಟಳು.

ಒಳಗೆ ಡಾಕ್ಟರಮ್ಮ ರೂಢಿಯಂತೆ ನನ್ನನ್ನೇ ಕೇಳಿದರು. ನಾನು ಕಿವಿ ಬಾಯಿ ಮುಟ್ಟಿ ತೋರಿಸಿದೆ. ಅವರು ಅದೇ ಪ್ರಶ್ನೆಯನ್ನು ಜೋರಾಗಿ ಕೇಳಿದರು. ಮತ್ತೆ ಮುಟ್ಟಿ ತೋರಿಸಿದೆ. ಇನ್ನೂ ಜೋರಾಗಿ ಕೂಗಿದರು. "ಎಷ್ಟು ತಿಂಗಳು?" ಎಂಬ ಆ ಕೂಗಿಗೆ ಹೊರಗೆ ಕೂತಿದ್ದ ಇಬ್ಬರು ಬಸುರಿಯರು ಅಲ್ಲಿಂದಲೇ ತಮ್ಮ ತಮ್ಮ ತಿಂಗಳು ಹೇಳಿದರು. ಕೊನೆಗೆ ಬೇರೆ ದಾರಿಯಿಲ್ಲದೆ ಡಾಕ್ಟರಮ್ಮ ಕೆಳಗೆ ನೋಡಿದರು.

"ನಿನಗೆ ಮಾತು ಬರುತ್ತೇನಮ್ಮಾ?"

"ಬತ್ತದೆ ಮೇಡಂ. ಯಾರೂ ಕೇಳಿರ್ನಿಲ್ಲ."

ಆಮೇಲೆ ನಡೆದ ಮಾತುಕತೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ವಾಂತಿ, ತಲೆಸುತ್ತು, ಸೊಂಟನೋವು, ಒಂದೊಂದನ್ನೂ ಅವಳು ಹೇಳಿದಳು, ಅವರು ಬರೆದುಕೊಂಡರು. ಪರೀಕ್ಷೆ ಮಾಡುವ ಮಂಚ ನನ್ನ ಎದೆಯ ಎತ್ತರಕ್ಕಿತ್ತು. ಎತ್ತಿ ಹಾಕಲು ಇಬ್ಬರನ್ನು ಕರೆಯುತ್ತೇನೆ ಎಂದರು ಡಾಕ್ಟರಮ್ಮ. "ನನ್ನುನ್ನ ಮೂಟೆ ಎತ್ತಿದಂಗೆ ಎತ್ಬ್ಯಾಡಿ ಮೇಡಂ. ಕೆಳಗೆ ಚಾಪೆ ಆಕ್ಸಿ, ನಾನೇ ಮಲಗ್ತೀನಿ. ನೀವೇ ಒಸಿ ಬಗ್ಗಿ" ಎಂದಳು. ಡಾಕ್ಟರಮ್ಮ ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ಕೂರುವುದೇನೋ ಕೂತರು, ಏಳುವಾಗ ಅವರ ಮಂಡಿ ಕಟಕ್ಕೆಂದಿತು. ನನ್ನ ಗೆಳತಿಯೇ ಚಪ್ಪಲಿ ಬಿಚ್ಚಿ ಕೈ ನೀಡಿದಳು. ಅಂದಿನಿಂದ ಅವರಿಬ್ಬರದು ಒಳ್ಳೆಯ ಸ್ನೇಹ. ಮೊದಲಿಗೆ ಅವಳ ಸೊಂಟನೋವಿನ ಮಾತು, ಆಮೇಲೆ ಅವರ ಮಂಡಿನೋವಿನ ಮಾತು. ನಾನು ಮೂಲೆಯ ಸ್ಟೂಲಿನ ಮೇಲೆ, ಕ್ಯಾಲೆಂಡರಿನ ಚಿತ್ರ ನೋಡುತ್ತಾ.

ಮಾತಾಡದೆ ಇರುವುದು ಅಷ್ಟು ಕಷ್ಟವಲ್ಲ. ಕೇಳಿಸದಂತೆ ಇರುವುದಿದೆಯಲ್ಲ, ಅದು ನರಕ. ಆಯಾ ಪ್ರತಿ ತಿಂಗಳೂ ನನ್ನ ಎದುರಿಗೇ ನನ್ನ ವಿಚಾರ ಮಾತಾಡುತ್ತಿದ್ದಳು. "ಮೂಗಿ ಆದ್ರೂ ಮಖದಲ್ಲಿ ಕಳೆ ಅದೆ ಕಣವ್ವ. ಮೂಗೊಂದು ಒಸಿ ದೊಡ್ದು" ಎನ್ನುವಳು ನರ್ಸಿಗೆ. ನನ್ನ ಕೈ ಮೂಗಿನ ಕಡೆ ಹೋಗುತ್ತಿತ್ತು, ಹಿಡಿದು ಕೆಳಗಿಳಿಸುತ್ತಿದ್ದೆ. ಇನ್ನೊಂದು ತಿಂಗಳು ನನಗೆ ಮದುವೆಯೇ ಕುದುರಿಸಿಬಿಟ್ಟಳು. ಗಂಡು ಕೊರವಂಗಲದ ಅವಳ ಅಣ್ಣನ ಮಗ. ಮೊದಲ ಹೆಂಡತಿ ಜಗಳವಾಡಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲವಂತೆ.

"ಮಾತು ಬರಕ್ಕಿಲ್ಲ ಅಂದ್ನಾ, ಕುಣುದಾಡ್ಬುಟ್ಟ ನಮ್ಮುಡ್ಗ. ಅಂಥೋಳೇ ಬೇಕು ಕಣತ್ತೆ ಅಂದ. ಕಾಲ್ ಕುಂಟಾದ್ರೂ ಪರ್ವಾಗಿಲ್ವಂತೆ, ತವರ್ಗೆ ಓಡೋಗಕ್ಕಾಗಕ್ಕಿಲ್ವಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಇಡೀ ಒಂದು ಭಾಷಣ ಬಂದು ನಿಂತಿತ್ತು. ಗೆಳತಿ ಪಕ್ಕದಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತಿದ್ದಳು. ನನ್ನ ಪರವಾಗಿ ಅವಳೇ ಉತ್ತರ ಕೊಟ್ಟಳು: "ಯೋಚ್ನೆ ಮಾಡಿ ಯೋಳ್ತಾರಂತೆ." ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಬಸ್ ನಿಲ್ದಾಣದವರೆಗೆ ನಾನು ಒಂದೇ ಉಸಿರಿಗೆ ಬೈದೆ. ಅವಳು ಕೈಸೈಕಲ್ಲಿನ ಹಿಡಿ ತಿರುಗಿಸುತ್ತಾ ಕೇಳಿಸಿಕೊಂಡು, "ನಿಮ್ಗೆ ಆರ್ ತಿಂಗ್ಳು ಕಣಕ್ಕ. ನಂಗೆ ಉಟ್ಟುದಾಗ್ನಿಂದ" ಎಂದಳು. ನನಗೂ ಹುಟ್ಟಿದಾಗಿನಿಂದಲೇ ಎಂದು ಹೇಳಬೇಕೆನ್ನಿಸಿತು. ಆದರೆ ಆ ಮಾತು ಅವಳದು. ಬಿಟ್ಟುಕೊಟ್ಟೆ.

ದಿನ ತುಂಬುತ್ತಾ ಬಂತು. ಸಿಸೇರಿಯನ್ ಮಾಡಬೇಕೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೆ ನೋವು ಬೇಗ ಬಂತು, ಡಾಕ್ಟರಮ್ಮ ತಮ್ಮನ ಮದುವೆಗೆಂದು ರಜೆಯಲ್ಲಿದ್ದರು. ಆವತ್ತು ಬೆಳಿಗ್ಗೆ ಇದ್ದವರು ಒಬ್ಬ ಯುವ ಡಾಕ್ಟರು. ಗಂಡ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದ್ದ. ಗಾಲಿ ಮಂಚದ ಮೇಲೆ ಅವಳು, ಪಕ್ಕದಲ್ಲಿ ಅವಳ ಅತ್ತೆ ಮತ್ತು ನಾನು. ಅತ್ತೆಗೆ ನನ್ನ ಗುಟ್ಟು ಗೊತ್ತಿತ್ತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಕೆ ಪಡುತ್ತಿದ್ದ ಕಷ್ಟವೂ ಬಸಿರಿಗಿಂತ ಕಡಿಮೆಯಿರಲಿಲ್ಲ.

ಡಾಕ್ಟರು ಒಂದು ಕಾಗದ ತಂದು ಅತ್ತೆಯ ಮುಂದೆ ಹಿಡಿದರು. "ಇಲ್ಲಿ ಹೆಬ್ಬೆಟ್ಟು ಒತ್ತಿ. ಹೇಗೂ ಹೊಟ್ಟೆ ಕೊಯ್ದಿರ್ತೀವಿ, ಮಕ್ಕಳಾಗದ ಆಪರೇಷನ್ನೂ ಜೊತೆಗೇ ಮುಗಿಸಿಬಿಡ್ತೀವಿ. ಇಂಥವರಿಗೆ ಒಂದೇ ಹೆಚ್ಚು." ಕಾಗದದ ಕೊನೆಯಲ್ಲಿ ಅದನ್ನು ಪೆನ್ನಿನಲ್ಲಿ ಸೇರಿಸಿಯೂ ಆಗಿತ್ತು. ಅತ್ತೆಯೋ, ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎನ್ನುವ ಸ್ವಭಾವದವಳು. ಹೆಬ್ಬೆರಳನ್ನು ಇಂಕಿನ ಡಬ್ಬಿಗೆ ಒತ್ತಿದಳು.

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯಿತು. ಈ ಸಲ ಬಾಡಿಗೆ ಕಾನೂನು ಅಲ್ಲ, ಸರಿಯಾದ ಕಲಮೇ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಮಂಚದ ಮೇಲಿಂದ ಒಂದು ಹವಾಯಿ ಚಪ್ಪಲಿ ನನ್ನ ಮುಖದ ಮುಂದೆ ಬಂತು. ಕೈಗೆ ತೊಟ್ಟಿದ್ದ ಚಪ್ಪಲಿಯನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಸುಮ್ಮನಿರಿ ಎಂದು ಅದರಲ್ಲೇ ಸನ್ನೆ ಮಾಡಿದಳು. ಆರು ತಿಂಗಳಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ, ತೆರೆದ ಬಾಯನ್ನು ಮುಚ್ಚಿದ್ದು.

"ಅತ್ತೆ, ಬೆಟ್ಟು ಒರೆಸ್ಕಳಿ" ಎಂದಳು. ನೋವಿನಲ್ಲಿ ಅವಳ ದನಿ ನಡುಗುತ್ತಿತ್ತು. "ಡಾಕ್ಟ್ರೇ, ಪೆನ್ನು ಇಲ್ಲಿ ಕ್ವಡಿ. ನಂಗೆ ಓದಕ್ ಬತ್ತದೆ."

ಓದಿದಳು. ನಡುವೆ ನೋವು ಬಂದಾಗ ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸಿ, ಕೊನೆಯವರೆಗೂ ಗಟ್ಟಿಯಾಗಿ ಓದಿದಳು. ಪೆನ್ನಿನಲ್ಲಿ ಸೇರಿಸಿದ ಸಾಲಿನ ಮೇಲೆ ಗೀಟು ಎಳೆದಳು.

"ಮಗು ತಗೀರಿ. ಅಷ್ಟೇ. ಮುಂದಿಂದು ನಾನು ನನ್ ಗಂಡ ಕುಂತು ಮಾತಾಡ್ಕತೀವಿ. ಒಟ್ಟೆ ನಂದು."

ಡಾಕ್ಟರು ಅತ್ತೆಯನ್ನು ನೋಡಿದರು. ಅತ್ತೆ ಬೆರಳು ಒರೆಸಿಕೊಳ್ಳುವುದರಲ್ಲಿ ಮುಳುಗಿದ್ದಳು. ನನ್ನ ಕಡೆ ತಿರುಗಿ, "ನೀವಾದರೂ ಹೇಳಿ ಇವರಿಗೆ" ಎಂದರು. ಆಯಾ ಅಡ್ಡ ಬಂದಳು: "ಅದುಕ್ಕೆ ಮಾತು ಬರಕ್ಕಿಲ್ಲ ಸಾ." ಡಾಕ್ಟರಿಗೆ ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಅವಳು ಸಹಿ ಹಾಕಿದಳು. ಚಪ್ಪಲಿ ಎರಡನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಆ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಹಿಮ್ಮಡಿ ಸವೆಸಬೇಕಾದ ಕಡೆ ಅಂಗೈ ಸವೆಸಿದ ಗುಳಿ ಇತ್ತು. ಅಪ್ಪ ಕಲಿಸಿದ ಸ್ತೋತ್ರಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ, ಅರ್ಧಕ್ಕರ್ಧ ಮರೆತಿದ್ದವು. ಕೊನೆಗೆ ಬಾಗಿಲು ತೆರೆದು ಆಯಾ ಬಂದಳು. ಮೂಗಿಗೆ ಅರ್ಥವಾಗಲೆಂದು ನನ್ನ ಮುಂದೆ ನಿಂತು ಅಭಿನಯ ಶುರು ಮಾಡಿದಳು. ಕೈಯಲ್ಲಿ ತೊಟ್ಟಿಲು ತೂಗಿದಳು. ಹಣೆಗೆ ಬೊಟ್ಟಿಟ್ಟುಕೊಂಡಳು, ಜಡೆ ಹೆಣೆದಳು, ಹೆಣ್ಣು ಎಂದು. ಆಮೇಲೆ ಕಣ್ಣು ಮುಚ್ಚಿ ತಲೆಯನ್ನು ಒಂದು ಕಡೆ ವಾಲಿಸಿದಳು.

"ಅಯ್ಯೋ, ಅವಳಿಗೇನಾಯ್ತು?" ಎಂದು ನಾನು ಕಿರುಚಿದೆ.

ನಿದ್ದೆ ಮಾಡುತ್ತಿದ್ದಾಳೆ ಎಂದು ಅವಳು ತೋರಿಸಿದ್ದು. ಆದರೆ ಅದನ್ನು ಹೇಳಲು ಆಯಾಗೆ ಈಗ ಮಾತು ಹೊರಡಲಿಲ್ಲ. ಕಂಕುಳಲ್ಲಿ ಇರುಕಿಕೊಂಡಿದ್ದ ಟ್ರೇ ನೆಲಕ್ಕೆ ಬಿತ್ತು. ಆಮೇಲೆ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು:

"ಮೂಗಿಗೆ ಮಾತ್ ಬಂತು ಕಣ್ರಪ್ಪೋ! ಮಗು ಉಟ್ಟುದ್ ಗಳಿಗೇಲೆ ಮಾತ್ ಬಂತು!"

ವಾರ್ಡು ವಾರ್ಡೇ ಎದ್ದು ಬಂತು. ಬಾಣಂತಿಯರು ಬಂದರು, ಅವರನ್ನು ನೋಡಲು ಬಂದವರು ಬಂದರು, ಹೊರಗೆ ಎಳನೀರು ಮಾರುತ್ತಿದ್ದವನು ಮಚ್ಚು ಹಿಡಿದೇ ಬಂದ. ನಾನು ನಿಜ ಹೇಳಲು ಎಷ್ಟು ಬಾಯಿ ತೆರೆದರೂ, "ನೋಡಿ, ನೋಡಿ, ಎಷ್ಟ್ ಸಲೀಸಾಗಿ ಆಡ್ತಾವ್ಳೆ" ಎಂದು ಜನ ಕೈಮುಗಿದರು. ಗುಟ್ಟು ಬಲ್ಲವಳು ಅತ್ತೆ ಒಬ್ಬಳು. ಹೆಣ್ಣು ಎಂದು ಕೇಳಿ ಮುಖ ಸಪ್ಪೆ ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದವಳು ಜನರನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಎದ್ದು ಸೆರಗು ಸರಿಮಾಡಿಕೊಂಡಳು. "ಊಂ ಕಣವ್ವ, ನಮ್ ಮೊಮ್ಮಗಳ ಮಯ್ಮೆ" ಎಂದಳು. ಆವತ್ತಿನಿಂದ ಆ ಮಗುವನ್ನು ಹೆಣ್ಣು ಎಂದು ಯಾರೂ ಹಳಿಯಲು ಆಕೆ ಬಿಡಲಿಲ್ಲ.

ಆಯಾ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಸಂಕೋಚದಿಂದ ಹೇಳಿದಳು: "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಮಾತು ಬತ್ತದೆ ಅಂದ್ಮೇಲೆ ನಮ್ಮುಡ್ಗ ಒಪ್ಪಕ್ಕಿಲ್ಲ."

ಮರುದಿನ ಬೆಳಿಗ್ಗೆ ಯುವ ಡಾಕ್ಟರು ರೌಂಡಿಗೆ ಬಂದರು. ಗೆಳತಿ ಮಂಚದ ಮೇಲೆ ಬಿಳಿಚಿಕೊಂಡು ಮಲಗಿದ್ದಳು, ಪಕ್ಕದಲ್ಲಿ ಮಗು. ಅವರು ಚೀಟಿ ನೋಡಿದರು, ಸಲೈನ್ ಬಾಟಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಈಗ ನನಗೆ ಮಾತು ಬರುತ್ತದೆಂದು ಅವರಿಗೂ ಸುದ್ದಿ ಹೋಗಿತ್ತು.

"ಹೇಗಿದ್ದಾರಮ್ಮ ಇವರು? ನೋವಿದೆಯಾ?"

ಇಡೀ ವಾರ್ಡು ನನ್ನ ಬಾಯನ್ನೇ ನೋಡುತ್ತಿತ್ತು. ಗೆಳತಿಯೂ ನೋಡುತ್ತಿದ್ದಳು. ಈ ಸಲ ಅವಳು ಚಪ್ಪಲಿ ತೋರಿಸಲಿಲ್ಲ. ಅವು ಇನ್ನೂ ನನ್ನ ಚೀಲದಲ್ಲಿದ್ದವು.

"ನನ್ನನ್ನ ಕೇಳಿದ್ರೆ ನನಗೇನು ಗೊತ್ತು ಡಾಕ್ಟ್ರೇ. ಅವಳನ್ನ ಕೇಳಿ" ಎಂದೆ.

ಡಾಕ್ಟರು ನಿಧಾನವಾಗಿ ಮಂಚದ ಕಡೆ ತಿರುಗಿ, ಸ್ವಲ್ಪ ಬಗ್ಗಿ, ಅವಳನ್ನೇ ಕೇಳಿದರು.

"ಅದೆ ಡಾಕ್ಟ್ರೇ" ಎಂದಳು ಅವಳು. "ಸ್ಯಾನೆ ನೋವದೆ."

ಅವರು ಅದನ್ನು ಬರೆದುಕೊಂಡರು. ನನ್ನ ಕಣ್ಣು ತುಂಬಿ ಬಂತು. ಅತ್ತೆ ನೋಡಿ ಏನಾಯ್ತವ್ವ ಎಂದು ಕೇಳಿದಳು. ಧೂಳು ಎಂದು ಹೇಳಲಿಲ್ಲ. ನನ್ನ ಕಾಲು ಮೊದಲಿನಿಂದಲೂ ನೋಯುತ್ತದೆ ಎಂದು ಹೇಳಿದೆ.